ಬೇಸ್ ಗಿಟಾರು ಮತ್ತು ಯಾರಿಗೂ ಕಾಯದ ಪೆಟ್ಟಿಗೆ

ತಾಳ ತಪ್ಪುವವರಲ್ಲಿ ಎರಡು ಜಾತಿ: ಹಿಂದೆ ಬೀಳುವವರು, ಮುಂದೆ ಓಡುವವರು. ಹಿಂದೆ ಬೀಳುವವರನ್ನು ಜನ ‘ಪಾಪ, ಭಾವದಲ್ಲಿ ಮುಳುಗಿದ್ದಾರೆ’ ಎಂದು ಕ್ಷಮಿಸಿಬಿಡುತ್ತಾರೆ. ನಾನು ಎರಡನೆಯ ಜಾತಿ, ನಮಗೆ ಕ್ಷಮೆಯಿಲ್ಲ. ಎಂಬತ್ತರ ದಶಕದಲ್ಲಿ ನಾನು ಮಧುಗಿರಿಯ ಕಚೇರಿಯೊಂದರಲ್ಲಿ ಟೈಪಿಸ್ಟನಾಗಿದ್ದೆ. ಬೆರಳಿಗೆ ಅವಸರ ಅಂಟಿಕೊಂಡಿದ್ದು ಅಲ್ಲೇ ಇರಬೇಕು. ರಜಾದಿನಗಳಲ್ಲಿ ಮದುವೆಗಳಿಗೆ ಹೋಗುವ ವಾದ್ಯಗೋಷ್ಠಿಯೊಂದರಲ್ಲಿ ಬೇಸ್ ಗಿಟಾರು ನುಡಿಸುತ್ತಿದ್ದೆ. ಅದು ದಪ್ಪ ದನಿಯ, ನಾಲ್ಕೇ ತಂತಿಯ ಗಿಟಾರು. ನೋಡಿದವರೆಲ್ಲ “ಇನ್ನೆರಡು ತಂತಿ ಯಾವಾಗ ಕಿತ್ತೋಯ್ತು ಸಾರ್?” ಎಂದು ಮರುಗುತ್ತಿದ್ದರು.

ನಮ್ಮ ಡ್ರಮ್ ವಾದಕ ರುದ್ರಪ್ಪ ಮಾತ್ರ ಮರುಗಲಿಲ್ಲ. ಬಟ್ಟೆ ಅಂಗಡಿಯ ಮನುಷ್ಯ, ಅಳತೆಯಲ್ಲಿ ಬಲು ಕಟ್ಟುನಿಟ್ಟು. ಒಂದು ಭಾನುವಾರ ಅಭ್ಯಾಸದ ನಡುವೆ ಕೋಲು ಕೆಳಗಿಟ್ಟು, “ಸಾರ್, ನಾವೆಲ್ಲ ಇನ್ನೂ ಪಲ್ಲವೀಲಿದ್ರೆ ನೀವು ಆಗ್ಲೇ ಊಟದ ಪಂಕ್ತೀಲಿ ಕೂತಿರ್ತೀರ. ಪಾವಗಡದ ಮದುವೆ ಒಳಗೆ ಸರಿಹೋಗ್ಲಿಲ್ಲ ಅಂದ್ರೆ ಬೇರೆಯವ್ರನ್ನ ನೋಡ್ಕಂತೀವಿ” ಎಂದ. ಉಳಿದವರು ತಲೆಯಾಡಿಸಿದರು. ಆ ಗೋಷ್ಠಿಯೂ ಕೈಬಿಟ್ಟರೆ ನನ್ನ ಬೆರಳುಗಳಿಗೆ ಉಳಿಯುತ್ತಿದ್ದದ್ದು ಟೈಪ್‌ರೈಟರೊಂದೇ.

ಆಗ ಸಿಕ್ಕಿದ್ದು ಶಿರಾದ ರಹಮತ್ ಸಾಹೇಬರ ರೇಡಿಯೋ ಅಂಗಡಿಯ ಪೆಟ್ಟಿಗೆ. ಅವರ ತಮ್ಮ ವಿದೇಶದಿಂದ ತಂದಿದ್ದು. ಒಬ್ಬರೇ ಕೂತು ಅಭ್ಯಾಸ ಮಾಡುವವರಿಗಾಗಿಯೇ ಮಾಡಿದ ಪುಟ್ಟ ಆಂಪ್ಲಿಫೈಯರು. ಗಿಟಾರಿನ ದನಿಯನ್ನು ದೊಡ್ಡದು ಮಾಡುವುದರ ಜೊತೆಗೆ ಅದರ ಹೊಟ್ಟೆಯೊಳಗೇ ತಾಳಗಳಿದ್ದವು. ಗುಂಡಿ ಒತ್ತಿದರೆ ಮಾರ್ಚ್, ಇನ್ನೊಂದು ಒತ್ತಿದರೆ ರುಂಬಾ. “ಏಕ್‌ದಂ ಪಕ್ಕಾ ಸಾರ್,” ಎಂದರು ಸಾಹೇಬರು. “ಡ್ರಮ್ ಹೊಡೆಯೋನಿಗಾದ್ರೆ ಚಾಯ್ ಬೇಕು, ಬೀಡಿ ಬೇಕು. ಇದಕ್ಕೆ ಕರೆಂಟ್ ಕೊಟ್ರೆ ಬಸ್.”

ಮನೆಯಲ್ಲಿ ರುಂಬಾ ಶುರುವಾದೊಡನೆ ಮಿಡಿಗೇಶಿಯಿಂದ ಬಂದಿದ್ದ ಅಮ್ಮ ಬಗ್ಗಿ ನೋಡಿ, “ಅದೇನ್ಲಾ ಅದ್ರೊಳ್ಗೆ? ಕೋಳಿ ಕೂತ್ಕಂಡು ಕಾಳು ಕುಕ್ದಂಗೈತೆ” ಎಂದಳು. ಮೂರನೆಯ ದಿನ ಅಡುಗೆಮನೆಯಿಂದ ಹೆಂಡತಿ ಸರ್ವಮಂಗಳೆಯ ದನಿ: “ರೀ, ಮತ್ತೆ ಮುಂದಕ್ಕೆ ಹೋದ್ರಿ.” ಯಾವ ವಾದ್ಯವನ್ನೂ ಮುಟ್ಟದವಳು! ಪೆಟ್ಟಿಗೆಯೇ ನಿಧಾನ ಎಂದು ವಾದಿಸಿದೆ. ಅವಳು ಹುರುಳಿಕಾಯಿ ಹೆಚ್ಚುತ್ತಿದ್ದ ಚಾಕು ಹಿಡಿದೇ ಬಂದು ತಟ್ಟೆಯ ಮೇಲೆ ಕುಟ್ಟಿದಳು. ಪೆಟ್ಟಿಗೆಗೂ ತಟ್ಟೆಗೂ ಕೂದಲೆಳೆಯ ವ್ಯತ್ಯಾಸವಿಲ್ಲ. “ಅವ್ಳು ಸರಿಯಾಗೇ ಅವ್ಳೆ ಕಣ್ಲಾ, ಓಡ್ತಿರೋನು ನೀನೇ” ಎಂದು ಅಮ್ಮ ತೀರ್ಪು ಕೊಟ್ಟಳು.

ಹಟ ಹಿಡಿದು ಎರಡು ತಿಂಗಳು ಕೂತೆ. ತಾಳ ನಿಂತಿತು. ಆದರೆ ಅದರ ಹಿಂದೆಯೇ ಹೊಸ ರೋಗ ಬಂತು: ಬೇರೆಯವರ ತಪ್ಪೆಲ್ಲ ಕೇಳತೊಡಗಿತು. ಚರಣ ಬಂದರೆ ರುದ್ರಪ್ಪ ಸ್ವಲ್ಪ ಎಳೆಯುತ್ತಾನೆ ಎಂಬುದು ತಿಳಿಯಿತು. ತಿಳಿದದ್ದನ್ನು ಸುಮ್ಮನೆ ಇಟ್ಟುಕೊಳ್ಳುವ ಸ್ವಭಾವ ನನ್ನದಲ್ಲ.

ಪಾವಗಡದ ಮದುವೆಯಲ್ಲಿ ಎರಡನೆಯ ಹಾಡಿಗೇ ಅವನು ಎಳೆದ. ನಾನು ಪೆಟ್ಟಿಗೆ ಕಲಿಸಿದ ತಾಳ ಬಿಡಲಿಲ್ಲ. ಹೆಣ್ಣಿನ ತಾತ ವೇದಿಕೆಯ ಹತ್ತಿರ ಬಂದು, “ಏಮಯ್ಯಾ, ಇಬ್ರೂ ಸೇರಿ ಎರಡು ಹಾಡು ಬಾರಿಸ್ತಾ ಇದೀರೇನು?” ಎಂದು ಕೇಳಿದರು. “ರುದ್ರಪ್ಪನವರೇ, ನೀವು ಎಳೀತಿದೀರ,” ಎಂದೆ, ದುರದೃಷ್ಟಕ್ಕೆ ಮೈಕಿನ ಹತ್ತಿರ. ಸಭೆಯೆಲ್ಲ ಕೇಳಿತು. ರುದ್ರಪ್ಪನ ಮುಖ ಕೆಂಪಾಯಿತು. “ಅಂಗಾದ್ರೆ ನಿಮ್ ಪೆಟ್ಟಿಗೆ ಜೊತೆಗೇ ನುಡಿಸ್ಕಳಿ” ಎಂದು ಎದ್ದು ಊಟದ ಮನೆಗೆ ಹೋಗಿಬಿಟ್ಟ.

ಗಿಟಾರಿಗೆಂದು ತಂದಿದ್ದ ಪೆಟ್ಟಿಗೆ ಅಲ್ಲೇ, ಅವನ ಡ್ರಮ್ಮಿನ ಪಕ್ಕದಲ್ಲೇ ಇತ್ತು. ರುಂಬಾ ಒತ್ತಿದೆ. ಗಾಯಕಿ ಕಮಲಮ್ಮ ಉಸಿರು ತೆಗೆದುಕೊಂಡರು, ಪೆಟ್ಟಿಗೆ ಕಾಯಲಿಲ್ಲ. ಆಲಾಪ ಎತ್ತಿದರು; ಕಾಯಲಿಲ್ಲ. ಸಾಲು ಮರೆತು ನನ್ನ ಕಡೆ ನೋಡಿದರು. ನಾನು ಪೆಟ್ಟಿಗೆಯ ಕಡೆ ನೋಡಿದೆ. ಅದು ಯಾರ ಕಡೆಯೂ ನೋಡದೆ ಕಾಳು ಕುಕ್ಕುತ್ತಲೇ ಇತ್ತು. ಕಮಲಮ್ಮನ ಕಣ್ಣಲ್ಲಿ ನೀರು ತುಂಬಿತು. ಜನ ನಕ್ಕರು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಅಷ್ಟರಲ್ಲಿ ಎಡಗೈಯಲ್ಲಿ ಅರ್ಧ ಹೋಳಿಗೆ ಹಿಡಿದುಕೊಂಡು ರುದ್ರಪ್ಪ ಬಂದ. ಬಗ್ಗಿ ಅದೇನೋ ಮಾಡಿ ಪೆಟ್ಟಿಗೆಯ ಬಾಯಿ ಮುಚ್ಚಿಸಿ, ಹೋಳಿಗೆ ಬಾಯಿಗೆ ತುರುಕಿಕೊಂಡು ಕೋಲು ಹಿಡಿದ. “ಕಮಲಮ್ಮನ ಮುಖ ನೋಡ್ಕಂಡು ನಾನು ಬಾರಿಸ್ತೀನಿ. ನೀವು ನನ್ನ ನೋಡ್ಕಂಡು ನುಡಿಸಿ.” ನೋಡಿದೆ. ಆರು ವರ್ಷ ಜೊತೆಗಿದ್ದೂ ನುಡಿಸುವಾಗ ಅವನ ಮುಖವನ್ನು ನಾನು ನೋಡಿಯೇ ಇರಲಿಲ್ಲ. ಕಮಲಮ್ಮನಿಗೆ ಉಸಿರು ಬೇಕಾದಾಗ ಅವನ ಹುಬ್ಬು ಮೇಲೇಳುತ್ತಿತ್ತು, ಎಳೆಯುತ್ತಿದ್ದದ್ದು ಅದಕ್ಕಾಗಿ. ಆಮೇಲಿನ ಏಳು ಹಾಡೂ ಬೆಣ್ಣೆಯ ಹಾಗೆ ಸಾಗಿದವು.

ಮುಗಿದ ಮೇಲೆ ರುದ್ರಪ್ಪ ನನ್ನ ಕೈ ಕುಲುಕಿದ. “ಇವತ್ತು ಒಂದು ಕಡೇನೂ ಮುಂದೆ ಓಡ್ಲಿಲ್ಲ ಸಾರ್. ಇಂಗೇ ನುಡಿಸ್ಬೇಕು. ನಿಮ್ಮನ್ನ ಬುಡಾಕಿಲ್ಲ ಬುಡಿ.” ಅದೇ ಗುಂಗಿನಲ್ಲಿ ಪೆಟ್ಟಿಗೆ ಎತ್ತಲು ಬಗ್ಗಿದಾಗ ಕಂಡಿತು: ಅವನು ರುಂಬಾ ನಿಲ್ಲಿಸಲು ಗುಂಡಿ ಒತ್ತಿರಲಿಲ್ಲ, ಕರೆಂಟಿನ ವೈರನ್ನೇ ಕಿತ್ತುಹಾಕಿದ್ದ. ಗಿಟಾರಿನ ದನಿ ಹೊರಡಬೇಕಿದ್ದದ್ದೂ ಅದೇ ಪೆಟ್ಟಿಗೆಯಿಂದ. ಏಳು ಹಾಡಿಗೂ ನನ್ನಿಂದ ಒಂದು ಸ್ವರವೂ ಹೊರಗೆ ಬಂದಿರಲಿಲ್ಲ.

ಯಾರೂ ನೋಡುವ ಮೊದಲು ವೈರನ್ನು ಸುತ್ತಿ ಚೀಲಕ್ಕೆ ಹಾಕಿದೆ. “ಎಲ್ಲ ಅಭ್ಯಾಸ ರುದ್ರಪ್ಪನವರೇ, ಬರೀ ಅಭ್ಯಾಸ” ಎಂದೆ.