ಡೆಲ್ಮರನ ಎರಡು ಬೆಕ್ಕುಗಳು

ಡೆಲ್ಮರ್ ಹ್ಯಾಕೆಟ್ ಎಂಬಾತನ ಮನೆಯಲ್ಲಿ ಎರಡು ಬೆಕ್ಕುಗಳಿದ್ದವು. ದೊಡ್ಡದು ಮೂರನೇ ಕ್ಲಾಸು, ಚಿಕ್ಕದು ಒಂದನೇ ಕ್ಲಾಸು. ದೊಡ್ಡದಕ್ಕೆ ಏಳರ ಮಗ್ಗಿ ಬರುತ್ತಿತ್ತು. ಚಿಕ್ಕದಕ್ಕೆ ಮುಂದಿನ ಎರಡು ಹಲ್ಲು ಬಿದ್ದಿದ್ದವು. ಎರಡೂ ಸೈಕಲ್ ಹೊಡೆಯುತ್ತಿದ್ದವು.

ಆದದ್ದು ಇಷ್ಟೇ. ಡೆಲ್ಮರ್ ಇದ್ದದ್ದು ಅರಿಜೋನಾದ ಬಿಸಿಲಿನಲ್ಲಿ, ಐವತ್ತೈದು ದಾಟಿದವರಿಗೆಂದೇ ಮಾಡಿದ ಒಂದು ಟ್ರೇಲರ್ ಮನೆಗಳ ಬಡಾವಣೆಯಲ್ಲಿ. ಅಲ್ಲಿ ಮೊಮ್ಮಕ್ಕಳು ನೆಂಟರಾಗಿ ಬಂದು ಎರಡು ವಾರ ಇದ್ದು ಹೋಗಬಹುದು. ಮೂರನೇ ವಾರಕ್ಕೆ ಕಾಲಿಟ್ಟರೆ ತಾತನ ಸಮೇತ ಗೇಟಿನಾಚೆ. ಹೋದ ವರ್ಷ ಜನವರಿಯಲ್ಲಿ ಅವನ ಮಗಳು ಮಾರ್ನಿಗೆ ದೇಶದ ಈ ತುದಿಯಿಂದ ಆ ತುದಿಗೆ ಓಡುವ ದೊಡ್ಡ ಲಾರಿಯ ಡ್ರೈವರ್ ಕೆಲಸ ಸಿಕ್ಕಿತು. ಲಾರಿಯಲ್ಲಿ ಮಲಗಲು ಇದ್ದದ್ದು ಒಂದೇ ಹಾಸಿಗೆ. ಹಾಗಾಗಿ ಅವಳ ಮಕ್ಕಳು ಜೂನಿ ಮತ್ತು ಕೋಲ್ ತಾತನ ಮನೆಗೆ ಬಂದರು. ಎರಡು ವಾರ ಹೋಗಿ ಎರಡು ತಿಂಗಳಾಯಿತು.

ಒಂದು ಸಂಜೆ ಬಡಾವಣೆಯ ಮ್ಯಾನೇಜರ್ ಬರ್ನೀಸ್ ಟ್ರೌಟ್ ಬಡಾವಣೆ ಸುತ್ತಲು ಇಟ್ಟುಕೊಂಡಿದ್ದ ಪುಟ್ಟ ಗಾಲ್ಫ್ ಗಾಡಿಯನ್ನು ಬಾಗಿಲ ಮುಂದೆ ನಿಲ್ಲಿಸಿ, ಒಳಗೇನೋ ದಬದಬ ಸದ್ದಾಗುತ್ತಿದೆಯಲ್ಲ ಎಂದು ಕೇಳಿದಳು. ಡೆಲ್ಮರನ ತಲೆ ಕೆಲಸ ಮಾಡುವ ಮೊದಲೇ ಬಾಯಿ ಕೆಲಸ ಮಾಡಿತು. "ಬೆಕ್ಕು" ಎಂದ. ಸದ್ದು ನಿಲ್ಲಲಿಲ್ಲ. "ಎರಡು" ಎಂದ. ಬರ್ನೀಸ್ ಹೆಸರು ಕೇಳಿದಳು. ಅದಕ್ಕೂ ಬೇರೆ ಹೆಸರು ಹೊಳೆಯದೆ ಜೂನಿ, ಕೋಲ್ ಎಂದೇ ಹೇಳಿಬಿಟ್ಟ. ಸಾಕುಪ್ರಾಣಿ ಇಟ್ಟುಕೊಂಡವರು ತಿಂಗಳು ತಿಂಗಳು ಅದರ ಬಾಡಿಗೆಯನ್ನೂ ಕೊಡಬೇಕು ಎಂದು ಬರ್ನೀಸ್ ಬರೆದುಕೊಂಡು ಹೋದಳು. ಅವತ್ತಿನಿಂದ ಡೆಲ್ಮರ್ ತನ್ನ ಮೊಮ್ಮಕ್ಕಳಿಗೆ ಒಂದು ತಿಂಗಳೂ ತಪ್ಪಿಸದೆ ಬೆಕ್ಕಿನ ಬಾಡಿಗೆ ಕಟ್ಟುತ್ತಿದ್ದ.

ಮಕ್ಕಳಿಗೂ ತರಬೇತಿಯಾಯಿತು. ಗುರುತಿಲ್ಲದ ದನಿ ಕೇಳಿದರೆ, ಗಾಲ್ಫ್ ಗಾಡಿಯ ಗುಂಯ್ ಸದ್ದು ಕೇಳಿದರೆ, ಇದ್ದಲ್ಲೇ ಕೂತು ಮಿಯಾಂವ್ ಅನ್ನಬೇಕು. ಜೂನಿ ಅದನ್ನು ಕಾಟಾಚಾರಕ್ಕೆ ಮಾಡುತ್ತಿದ್ದಳು. ಕೋಲ್ ಮಾತ್ರ ಹುಟ್ಟು ಕಲಾವಿದ. ಅವನು ಒಮ್ಮೆ ಮಿಯಾಂವ್ ಅಂದರೆ ಎದುರು ಮನೆಯ ನಾಯಿ ಊಟ ಬಿಟ್ಟು ಬೊಗಳುತ್ತಿತ್ತು.

ನೆರೆಹೊರೆಯವರೆಲ್ಲ ಗುಟ್ಟಿಗೆ ಸೇರಿಕೊಂಡರು. ಮುದುಕರ ಬಡಾವಣೆಯಲ್ಲಿ ಮಾಡಲು ಬೇರೆ ಕೆಲಸವಾದರೂ ಏನಿದೆ. "ಡೆಲ್, ನಿನ್ನ ಬೆಕ್ಕು ನಮ್ಮನೇಲಿ ಸ್ವೆಟರ್ ಬಿಟ್ಟು ಹೋಗಿದೆ ನೋಡು" ಎಂದು ಒಬ್ಬರು, "ನಿನ್ನ ದೊಡ್ಡ ಬೆಕ್ಕಿಗೆ ಗಣಿತದಲ್ಲಿ ಎಷ್ಟು ಬಂತು?" ಎಂದು ಇನ್ನೊಬ್ಬರು. ವರ್ಷ ಹೀಗೇ ಸುಖವಾಗಿ ಕಳೆಯಿತು.

ತೊಂದರೆ ತಂದದ್ದು ತೆರಿಗೆ. ಡೆಲ್ಮರ್ ಗಾಲ್ಫ್ ಗಾಡಿ ರಿಪೇರಿ ಮಾಡುವ ಶೆಡ್ಡಿನಲ್ಲಿ ದುಡಿಯುತ್ತಿದ್ದ. ವರ್ಷವೆಲ್ಲ ಮಕ್ಕಳ ಹೊಟ್ಟೆ, ಬಟ್ಟೆ, ಷೂ ನೋಡಿಕೊಂಡವನು ಅವನೇ. ಈ ಸಲ ಮಕ್ಕಳನ್ನು ನಿನ್ನ ತೆರಿಗೆ ಲೆಕ್ಕದಲ್ಲೇ ಹಾಕಿಕೋ ಅಪ್ಪ ಎಂದು ಮಗಳೂ ಹೇಳಿದ್ದಳು. ಹಾಗಾಗಿ ರಿಟರ್ನ್ ತುಂಬುವಾಗ ಮೊಮ್ಮಕ್ಕಳಿಬ್ಬರೂ ತನ್ನನ್ನೇ ನೆಚ್ಚಿಕೊಂಡವರು ಎಂದು ಬರೆದ. ಹಾಗೆ ಬರೆದರೆ ಕೈಗೆ ದೊಡ್ಡ ರೀಫಂಡೇ ಬರುವುದಿತ್ತು. ಅದು ಬಂದರೆ ಸ್ಕೂಲಿನ ಹಿಂದಿರುವ ಮಿಸೆಸ್ ಗಿಲ್ರಾಯ್ ಅವರ ಬಾಡಿಗೆ ಮನೆಗೆ ಮುಂಗಡ ಕೊಡಬಹುದಿತ್ತು. ಹಿತ್ತಲಲ್ಲಿ ನಿಂಬೆ ಗಿಡ, ಕುಣಿದಾಡಲು ಅಂಗಳ, ಹೊಚ್ಚ ಹೊಸ ಕಾರ್ಪೆಟ್. ಮನೆ ತೋರಿಸಿದ ದಿನ ಮಿಸೆಸ್ ಗಿಲ್ರಾಯ್, ತನಗೆ ಮಕ್ಕಳಿರುವ ಸಂಸಾರವೇ ಬೇಕು, ಗೋಡೆ ಮೇಲೆ ಗೀಚಿದರೂ ಚಿಂತೆಯಿಲ್ಲ ಎಂದಿದ್ದರು. ನೀವಿರುವ ಕಡೆ ಫೋನ್ ಮಾಡಿ ನಿಮ್ಮ ಬಗ್ಗೆ ಒಂದು ಮಾತು ಕೇಳುತ್ತೇನೆ, ಅದೊಂದೇ ಬಾಕಿ ಎಂದೂ ಸೇರಿಸಿದ್ದರು. ಇನ್ನು ಮಕ್ಕಳು ಮಕ್ಕಳಾಗಿಯೇ ಇರಬಹುದು ಎಂದು ಡೆಲ್ಮರ್ ಕನಸು ಕಾಣುತ್ತಿದ್ದ.

ರೀಫಂಡಿನ ಬದಲು ಬಂದದ್ದು ತೆರಿಗೆ ಇಲಾಖೆಯ ಕಾಗದ. ಮಕ್ಕಳು ನಿಮ್ಮ ವಿಳಾಸದಲ್ಲೇ ಇದ್ದರು ಎಂಬುದಕ್ಕೆ ಪುರಾವೆ ಕಳಿಸಿ. ಡೆಲ್ಮರ್ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. ಅದರ ಮೇಲೆ ಕೋಲ್ ಬರೆದ ಡೈನೋಸಾರ್ ಬಂತು, ಡೈನೋಸಾರಿನ ಮೇಲೆ ಪಿಜ್ಜಾ ಕೂಪನ್ ಬಂತು. ಒಂದು ಮಂಗಳವಾರ ಬೆಳಿಗ್ಗೆ ಕೂಪನ್ ಕೀಳಲು ಹೋದಾಗ ಕಾಗದ ಕೈಗೆ ಸಿಕ್ಕಿತು. ಉತ್ತರ ಕೊಡಲು ಅವತ್ತೇ ಕೊನೆಯ ದಿನ.

ಅವನು ಲೈಬ್ರರಿಗೆ ಓಡಿದ. ಅಲ್ಲಿ ಸಲಾಸರ್ ಎಂಬ ನಿವೃತ್ತ ಮೇಷ್ಟ್ರು ಊರವರ ತೆರಿಗೆ ಕಾಗದಗಳನ್ನು ದುಡ್ಡಿಲ್ಲದೆ ತುಂಬಿಕೊಡುತ್ತಿದ್ದರು. ಅವರು ಕನ್ನಡಕ ಏರಿಸಿ, ಸ್ಕೂಲಿನ ದಾಖಲೆ ಸಾಕು ಎಂದರು. ಸ್ಕೂಲಿನಲ್ಲಿ ರಿಪೇರಿ ಶೆಡ್ಡಿನ ವಿಳಾಸವಿತ್ತು, ಸ್ಕೂಲಿನ ಹಳದಿ ಬಸ್ಸು ಬಡಾವಣೆಯ ಒಳಗೆ ಬರುವಂತಿರಲಿಲ್ಲವಲ್ಲ. ಡಾಕ್ಟರ್ ಹತ್ತಿರ ಇದ್ದದ್ದೂ ಅದೇ ವಿಳಾಸ. ಹಾಗಾದರೆ ಬಡಾವಣೆಯ ಮ್ಯಾನೇಜರ್ ಬರೆದುಕೊಡಲಿ ಎಂದರು ಮೇಷ್ಟ್ರು. ಡೆಲ್ಮರ್ ಬೆಕ್ಕಿನ ಕತೆಯನ್ನೆಲ್ಲ ಹೇಳಿದ.

"ಚರ್ಚಿನವರು ಬರೆದುಕೊಟ್ಟರೂ ಇಲಾಖೆ ಒಪ್ಪುತ್ತೆ," ಎಂದರು ಸಲಾಸರ್. "ನಮ್ಮ ಚರ್ಚಿನ ಹಿರಿಯರಲ್ಲಿ ನಾನೂ ಒಬ್ಬ. ಆದ್ರೆ ಕಣ್ಣಾರೆ ನೋಡದೇ ಇರೋದಕ್ಕೆ ನಾನು ಸಹಿ ಹಾಕೋನಲ್ಲ. ಮಧ್ಯಾಹ್ನ ಬಂದು ಮಕ್ಕಳನ್ನ ನೋಡ್ತೀನಿ, ಅವರ ಹಾಸಿಗೆ ನೋಡ್ತೀನಿ. ಅಷ್ಟರಲ್ಲಿ ಅಕ್ಕಪಕ್ಕದವರ ಹತ್ರಾನೂ ಒಂದೆರಡು ಸಾಲು ಬರೆಸಿ ಇಟ್ಟಿರು."

ಡೆಲ್ಮರ್ ಎದುರು ಮನೆಯ ಹೇಜಲ್ ಅಜ್ಜಿಯ ಬಾಗಿಲು ತಟ್ಟಿದ. ಹೇಜಲ್‌ಗೆ ಎಂಬತ್ತು ದಾಟಿತ್ತು, ಕಿವಿಯ ಯಂತ್ರವನ್ನು ಅವಳು ಹಬ್ಬಕ್ಕೆ ಮಾತ್ರ ಹಾಕುತ್ತಿದ್ದಳು. ಸರ್ಕಾರಕ್ಕೆ ಕಳಿಸಬೇಕು, ಮಧ್ಯಾಹ್ನ ಒಬ್ಬರು ನೋಡಲು ಬರುತ್ತಾರೆ, ಮಕ್ಕಳ ಬಗ್ಗೆ ನಿಜ ಬರೆದುಕೊಡಿ ಎಂದು ಅವನು ಮೂರು ಸಲ ಹೇಳಿದ. ಅವಳ ಕಿವಿಗೆ ಬಿದ್ದದ್ದು ಸರ್ಕಾರ, ಮಧ್ಯಾಹ್ನ ಮತ್ತು ಮಕ್ಕಳು, ಮೂರೇ ಮಾತು. ಅವಳು ಬೀದಿಯ ಎರಡೂ ಕಡೆ ನೋಡಿ, ಅವನ ತೋಳು ಹಿಡಿದು ಒಳಗೆಳೆದುಕೊಂಡಳು.

"ಯಾವ ಮಕ್ಕಳಪ್ಪಾ? ಈ ಬೀದೀಲಿ ನಾನು ಮಕ್ಕಳನ್ನೇ ನೋಡಿಲ್ಲ," ಎಂದು ಕಣ್ಣು ಹೊಡೆದಳು. "ನೀನು ಸುಮ್ನಿರು, ಎಲ್ಲಾ ನಾನು ಬರೀತೀನಿ."

ಬರೆದೂ ಕೊಟ್ಟಳು, ಗುಲಾಬಿ ಹೂವಿನ ಚಿತ್ರವಿರುವ ಕಾಗದದಲ್ಲಿ. ಡೆಲ್ಮರನ ಮನೆಯಲ್ಲಿ ವರ್ಷದಿಂದ ಇರುವುದು ಎರಡು ಬೆಕ್ಕುಗಳು ಮಾತ್ರ, ಇದು ದೇವರಾಣೆ ಸತ್ಯ. ಬೆಕ್ಕುಗಳು ಬಹಳ ವಿನಯವಂತ ಬೆಕ್ಕುಗಳು, ಬಿಸ್ಕತ್ತು ಕೊಟ್ಟರೆ ಥ್ಯಾಂಕ್ಯೂ ಹೇಳುತ್ತವೆ.

ಡೆಲ್ಮರ್ ಆ ಕಾಗದ ಹಿಡಿದು ಇನ್ನೂ ಮೆಟ್ಟಿಲ ಮೇಲೆ ನಿಂತಿರುವಾಗಲೇ ಹೇಜಲ್ ಫೋನೆತ್ತಿ ಪಕ್ಕದ ಮನೆಯ ಚಕ್‌ಗೆ ವಿಷಯ ತಿಳಿಸಿದಳು. ಚಕ್ ಒಂದು ಕಾಲದಲ್ಲಿ ಕೋರ್ಟಿನ ಬಾಗಿಲು ಕಾಯುತ್ತಿದ್ದವನು. ಅಲ್ಲಿ ನಿಂತೂ ನಿಂತೂ ಕಾನೂನೆಲ್ಲ ತನ್ನ ಮೈಗೆ ಇಳಿದಿದೆ ಎಂದು ನಂಬಿದ್ದ. ಅವನು ಗಾಲ್ಫ್ ಗಾಡಿ ಹತ್ತಿ ಬಡಾವಣೆಯನ್ನೆಲ್ಲ ಸುತ್ತಿದ. ಮಧ್ಯಾಹ್ನ ಸರ್ಕಾರದಿಂದ ಸಾಹೇಬರು ಬರುತ್ತಾರೆ, ಯಾರು ಏನೇ ಕೇಳಿದರೂ ಬೆಕ್ಕು ಎಂದಷ್ಟೇ ಹೇಳಬೇಕು, ಬೇರೆ ಏನು ಹೇಳಿದರೂ ಅದು ಸಾಕ್ಷಿಯಾಗುತ್ತದೆ ಎಂದು ಮನೆಮನೆಗೂ ತಾಕೀತು ಮಾಡಿದ.

ಡೆಲ್ಮರ್ ಶೆಡ್ಡಿಗೆ ಹೋಗಿ, ಸ್ಕೂಲ್ ಬಸ್ಸಿಂದ ಇಳಿದ ಮಕ್ಕಳನ್ನು ಕರೆದುಕೊಂಡು ಬರುವಷ್ಟರಲ್ಲಿ ಅವನ ಮೆಟ್ಟಿಲ ಮೇಲೆ ಬೆಕ್ಕಿನ ತಿಂಡಿಯ ಚೀಲಗಳು ಮದುವೆಮನೆಯ ಉಡುಗೊರೆಯ ಹಾಗೆ ಪೇರಿಸಿದ್ದವು. ಒಳಗೆ ಸೋಫಾದ ಮೇಲೆ ಎರಡು ನಿಜವಾದ ಬೆಕ್ಕುಗಳು ಮಲಗಿದ್ದವು. ಒಂದು ಕರಿ, ಒಂದು ಕಂದು. ಚಕ್ ಅವುಗಳನ್ನು ಮೂರನೇ ಬೀದಿಯಿಂದ ಸಂಜೆಯ ಮಟ್ಟಿಗೆ ಕಡ ತಂದಿದ್ದ. ಮಕ್ಕಳ ಹಾಸಿಗೆ, ಹಲ್ಲುಜ್ಜುವ ಬ್ರಷ್ಷು, ಪುಟ್ಟ ಷೂಗಳು ಎಲ್ಲವೂ ಮಾಯ. ಡೆಲ್ಮರ್ ಬಾಯಿ ತೆರೆಯುವ ಮೊದಲೇ ಹೇಜಲ್ ಜೂನಿಯನ್ನೂ ಕೋಲನ್ನೂ ರಟ್ಟೆ ಹಿಡಿದು ತನ್ನ ಮನೆಗೆ ಸಾಗಿಸಿ ಚಿಲಕ ಹಾಕಿಕೊಂಡಳು.

ಅಷ್ಟರಲ್ಲಿ ಸಲಾಸರ್ ಮೇಷ್ಟ್ರ ಕಾರು ಬಂದು ನಿಂತಿತು.

ಚಕ್ ಅವರನ್ನು ಬಾಗಿಲಲ್ಲೇ ಎದುರುಗೊಂಡ. ಹಿಂದೆ ಏಳೆಂಟು ಮುದುಕರು ಮುಖ ಗಂಟು ಹಾಕಿಕೊಂಡು ನಿಂತಿದ್ದರು, ಅವರನ್ನು ದಾಟಿ ಮುಂದೆ ಬರಲು ಡೆಲ್ಮರನಿಗೆ ದಾರಿಯೇ ಇರಲಿಲ್ಲ. ಮಕ್ಕಳು ಎಲ್ಲಿ ಎಂದು ಮೇಷ್ಟ್ರು ಕೇಳಿದರು. ಈ ಬಡಾವಣೆಯಲ್ಲಿ ಮಕ್ಕಳು ಎಂಬ ಪದಾರ್ಥವೇ ಇಲ್ಲ ಎಂದ ಚಕ್. ಜೂನಿ ಮತ್ತು ಕೋಲ್ ಎಲ್ಲಿ ಎಂದರು ಮೇಷ್ಟ್ರು. ಚಕ್ ಸೋಫಾದ ಕಡೆ ಕೈ ತೋರಿಸಿ, ಕರಿಯದು ಜೂನಿ, ಕಂದು ಕೋಲ್ ಎಂದು ಪರಿಚಯ ಮಾಡಿಕೊಟ್ಟ. ಮೇಷ್ಟ್ರು ಬಗ್ಗಿ ನೋಡಿದರು. ಬೆಕ್ಕಿನ ಕೂದಲು ಅವರ ಮೈಗಾಗದು ಎಂಬುದು ಆಗ ಎಲ್ಲರಿಗೂ ತಿಳಿಯಿತು. ಒಂದರ ಹಿಂದೊಂದು ಸೀನು ಹೊರಟಿತು, ಕನ್ನಡಕ ಹಾರಿ ಬೆಕ್ಕಿಗಿಟ್ಟಿದ್ದ ಹಾಲಿನ ತಟ್ಟೆಗೆ ಬಿತ್ತು.

"ಹ್ಯಾಕೆಟ್, ನಾನು ನಿನಗೆ ಸಹಾಯ ಮಾಡೋಕೆ ಬಂದೋನು," ಎಂದರು ಸೀನುಗಳ ಮಧ್ಯೆ, ಕಾರಿನತ್ತ ನಡೆಯುತ್ತಾ. "ತಮಾಷೆ ಮಾಡೋದಕ್ಕೆ ನಾನೇ ಬೇಕಿತ್ತೇನಪ್ಪಾ?"

ಡೆಲ್ಮರನಿಗೆ ಕಣ್ಣೆದುರೇ ನಿಂಬೆ ಗಿಡ ನಡೆದುಹೋಗುತ್ತಿರುವಂತೆ ಕಂಡಿತು. ಅವನು ರಸ್ತೆ ಮಧ್ಯಕ್ಕೆ ಓಡಿ ಕಾರಿಗೆ ಅಡ್ಡ ನಿಂತ. ಜೀವಮಾನದಲ್ಲಿ ಜೋರು ದನಿ ತೆಗೆಯದ ಮನುಷ್ಯ, ಇಡೀ ಬಡಾವಣೆಗೆ ಕೇಳುವ ಹಾಗೆ ಕೂಗಿದ.

"ಅವು ಬೆಕ್ಕಲ್ಲ. ನನ್ನ ಮೊಮ್ಮಕ್ಕಳು. ಒಂದು ವರ್ಷದಿಂದ ಇಲ್ಲೇ ಇದಾರೆ, ಈ ಮನೇಲೇ ಇದಾರೆ."

ಅವನ ಬೆನ್ನ ಹಿಂದೆ ಗುಂಯ್ ಎನ್ನುತ್ತಿದ್ದ ಗಾಲ್ಫ್ ಗಾಡಿಯೊಂದು ಮೆಲ್ಲಗೆ ನಿಂತಿತು. ಹೇಜಲ್ ಮನೆಯ ಕಿಟಕಿಯಿಂದ ಅಭ್ಯಾಸಬಲದ ಮಿಯಾಂವ್ ಒಂದು ತೇಲಿಬಂತು.

ಬರ್ನೀಸ್ ಟ್ರೌಟ್ ಬಾ ಎಂದು ಬೆರಳಲ್ಲಿ ಕರೆದಳು. ಡೆಲ್ಮರ್ ಆಫೀಸಿಗೆ ನಡೆದ, ಮೇಷ್ಟ್ರು ಮೂಗೊರೆಸಿಕೊಳ್ಳುತ್ತಾ ಹಿಂದೆ ನಡೆದರು. ಅವಳು ಕುರ್ಚಿಯಲ್ಲಿ ಕೂತು, ಬಡಾವಣೆಯ ಹೆಸರಿನ ಕಾಗದ ಪ್ರಿಂಟರಿಗೆ ತುರುಕಿ, ಏನು ಬರೆಯಬೇಕು ಎಂದು ಮೇಷ್ಟ್ರನ್ನೇ ಕೇಳಿದಳು.

ನಿಮಗೆ ಮೊದಲೇ ಗೊತ್ತಿತ್ತಾ ಎಂದ ಡೆಲ್ಮರ್.

"ಬೆಕ್ಕು ಡಿಸೆಂಬರಲ್ಲಿ ಬಾಗಿಲಿಗೆ ಬಂದು ಕ್ರಿಸ್‌ಮಸ್ ಹಾಡು ಹೇಳುತ್ತಾ?" ಎಂದಳು ಬರ್ನೀಸ್. "ಒಂದು ವರ್ಷದಿಂದ ನಾನು ಕಿವುಡಿ ಆಗಿದ್ದೆ ಡೆಲ್ಮರ್. ಇವತ್ತು ಬೆಳಿಗ್ಗೆ ಕೂಡ ಒಬ್ಬರ ಹತ್ರ ನಿನ್ನ ಮಾನ ಕಾಪಾಡಿದೀನಿ. ನಿನಗೆ ಒಂದು ದಿನ ಮೂಗ ಆಗಿರೋಕೆ ಆಗ್ಲಿಲ್ಲ. ಈಗ ಬೀದಿ ಪೂರ್ತಿ ಕೇಳಿಸ್ಕೊಂಡಿದೆ, ಮಾಲೀಕರ ಕಿವಿಗೆ ಬೀಳೋಕೆ ಎಷ್ಟು ಹೊತ್ತು. ನಾನು ಏನು ಮಾಡ್ಲಿ ಹೇಳು?"

ಪ್ರಿಂಟರಿನಿಂದ ಎರಡು ಕಾಗದ ಬಂದವು. ಒಂದರಲ್ಲಿ, ಜೂನಿ ಮತ್ತು ಕೋಲ್ ಎಂಬ ಮಕ್ಕಳು ವರ್ಷವಿಡೀ ಡೆಲ್ಮರ್ ಹ್ಯಾಕೆಟ್‌ನ ಮನೆಯಲ್ಲೇ ಇದ್ದರು ಎಂಬ ಪ್ರಮಾಣ. ಇನ್ನೊಂದರಲ್ಲಿ, ಆ ಕಾರಣಕ್ಕೇ ಒಂದು ತಿಂಗಳೊಳಗೆ ಮನೆ ಖಾಲಿ ಮಾಡಬೇಕೆಂಬ ನೋಟಿಸು. ಎರಡಕ್ಕೂ ಅವಳು ಒಂದೇ ಪೆನ್ನಿನಲ್ಲಿ ಸಹಿ ಹಾಕಿದಳು, ಎರಡನೆಯದಕ್ಕೆ ಹಾಕುವಾಗ ಮುಖ ಆಚೆ ತಿರುಗಿಸಿದಳು.

ಡೆಲ್ಮರನಿಗೆ ಬೇಸರವೇನೂ ಆಗಲಿಲ್ಲ. ಮೊದಲ ಕಾಗದವನ್ನು ಮೇಷ್ಟ್ರು ಅಲ್ಲಿಂದಲೇ ಇಲಾಖೆಗೆ ಫ್ಯಾಕ್ಸ್ ಮಾಡಿದರು. ಇಷ್ಟು ಗಟ್ಟಿ ಪುರಾವೆ ತನ್ನ ಸರ್ವಿಸಿನಲ್ಲೇ ನೋಡಿಲ್ಲ, ರೀಫಂಡು ಬಂದ ಹಾಗೇ ಎಂದು ಕೈ ಕುಲುಕಿ ಹೋದರು. ಡೆಲ್ಮರ್ ಬೆಕ್ಕುಗಳನ್ನು ಮೂರನೇ ಬೀದಿಗೆ ಒಪ್ಪಿಸಿ, ಮಕ್ಕಳನ್ನು ಹೇಜಲ್ ಮನೆಯಿಂದ ಬಿಡಿಸಿಕೊಂಡು ಬಂದ. ಅಡುಗೆಮನೆಯಲ್ಲಿ ಕೂರಿಸಿ ಚೀಸ್ ಸ್ಯಾಂಡ್‌ವಿಚ್ ಮಾಡಿಕೊಟ್ಟ. ಇನ್ನು ಎಷ್ಟು ಬೇಕಾದರೂ ಕುಣಿಯಿರಿ ಎಂದು, ಮಿಸೆಸ್ ಗಿಲ್ರಾಯ್‌ಗೆ ಫೋನ್ ಮಾಡಿದ.

ದುಡ್ಡಿನ ದಾರಿಯಾಯಿತು, ಮನೆ ನನಗೇ ಇರಲಿ ಎಂದ.

"ಹೇಳೋಕೆ ನನಗೂ ಸಂಕಟ ಆಗುತ್ತೆ ಹ್ಯಾಕೆಟ್," ಎಂದರು ಮಿಸೆಸ್ ಗಿಲ್ರಾಯ್. "ಬೆಳಿಗ್ಗೆ ನಿಮ್ಮ ಬಡಾವಣೆ ಆಫೀಸಿಗೆ ಫೋನ್ ಮಾಡಿದ್ದೆ. ಆಯಮ್ಮ ನಿಮ್ಮನ್ನ ತುಂಬಾ ಹೊಗಳಿದ್ರು. ಒಬ್ಬನೇ ಮನುಷ್ಯ, ಮಕ್ಕಳುಮರಿ ಗಲಾಟೆ ಇಲ್ಲ, ಎರಡು ಬೆಕ್ಕಿದಾವೆ ಅಷ್ಟೇ, ಅದರ ಬಾಡಿಗೆ ಒಂದು ತಿಂಗಳೂ ತಪ್ಪಿಸಿಲ್ಲ ಅಂದ್ರು. ನೀವು ನನಗೆ ಮಕ್ಕಳು ಅಂದಿದ್ರಿ. ಹಿಂದಿನ ಬಾಡಿಗೆದಾರರ ಬೆಕ್ಕು ಮನೆ ಪೂರ್ತಿ ಕಾರ್ಪೆಟ್ ಹಾಳು ಮಾಡಿತು. ಇನ್ನು ಬೆಕ್ಕಿನವರಿಗೆ ಮನೆ ಕೊಡಲ್ಲ."

"ಅವು ಬೆಕ್ಕಲ್ಲ ಅಮ್ಮಾ, ಮಕ್ಕಳು," ಎಂದ ಡೆಲ್ಮರ್.

"ಬೆಕ್ಕು ಸಾಕಿದವರೆಲ್ಲ ಹಾಗೇ ಅನ್ನೋದು," ಎಂದರು ಆಕೆ ಕನಿಕರದಿಂದ. "ನಮ್ಮಕ್ಕನೂ ಅವಳ ಬೆಕ್ಕನ್ನ ಮಗೂ ಅಂತಲೇ ಕರೀತಾಳೆ."

ಡೆಲ್ಮರ್ ಮಕ್ಕಳ ಕಡೆ ತಿರುಗಿದ. ಜೂನಿಯ ಬಾಯಿ ತುಂಬ ಸ್ಯಾಂಡ್‌ವಿಚ್ ಇತ್ತು. ಒಂದು ನಿಮಿಷ ಅಮ್ಮಾ, ಫೋನ್ ಇಡಬೇಡಿ, ನನ್ನ ಮೊಮ್ಮಗನ ಕೈಗೇ ಕೊಡುತ್ತೇನೆ, ನೀವೇ ಮಾತಾಡಿಸಿ ಎಂದು ಕೋಲ್‌ನ ಕಿವಿಗೆ ಫೋನ್ ಒತ್ತಿದ. ಮಾತಾಡು ಪುಟ್ಟ, ಚೆನ್ನಾಗಿ ಮಾತಾಡು ಎಂದು ಬೆನ್ನು ಸವರಿದ.

ಫೋನಿನೊಳಗಿಂದ ಹೆಂಗಸಿನ ಗಡಸು ದನಿಯೊಂದು, ಯಾರದು ಎಂದು ಕೇಳಿತು.

ಗುರುತಿಲ್ಲದ ದನಿ. ಕೋಲ್ ತಾತನ ಮುಖ ನೋಡಿದ. ತಾತ ಹುರಿದುಂಬಿಸುವಂತೆ ತಲೆಯಾಡಿಸುತ್ತಿದ್ದ. ಹುಡುಗ ಕುರ್ಚಿಯಿಂದ ಇಳಿದು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತ, ಕಣ್ಣು ಮುಚ್ಚಿದ, ಎದೆ ತುಂಬ ಉಸಿರೆಳೆದುಕೊಂಡ. ಹಿಂದೆಂದೂ ಅಷ್ಟು ಚೆನ್ನಾಗಿ ಬಂದಿರಲಿಲ್ಲ, ಅಂಥ ಮಿಯಾಂವ್ ಒಂದನ್ನು ಹೊರಡಿಸಿದ.

ಎದುರು ಮನೆಯ ನಾಯಿ ಬೊಗಳತೊಡಗಿತು.