ಕತ್ತರಿ ಹಿಡಿಯುವಾಗ ಅನುಮಾನದವರು ಎಲ್ಲಿ ಕೂರಬೇಕು ಎಂಬ ಬಗ್ಗೆ

ಇಂದ,
ಅರ್ಜಿದಾರಳು, ವಯಸ್ಸು ಅರವತ್ತಾರು, ಪದವೀಧರೆ, ನಿವೃತ್ತ ಶಾಲಾ ಗುಮಾಸ್ತೆ,
ದರ್ಜಿ ಅಂಗಡಿಯ ಪಕ್ಕದ ಕೋಣೆ.

ಗೆ,
ಮಾನ್ಯ ಅನುಮಾನದವರು,
ಅರ್ಜಿದಾರಳ ತಲೆಯ ಹಿಂಭಾಗ (ಖಾಯಂ ವಿಳಾಸ).

ವಿಷಯ: ಹೆಂಗಸರ ಹೇರ್ ಸಲೂನ್ ತೆರೆಯುವುದಕ್ಕೆ ತಾವು ಮೂರು ತಿಂಗಳಿಂದ ಎತ್ತುತ್ತಿರುವ ಆಕ್ಷೇಪಣೆಗಳಿಗೆ ವಿವರಣೆ, ಮತ್ತು ತಮ್ಮ ಕೆಲಸದ ವೇಳೆಯನ್ನು ಬದಲಾಯಿಸಿಕೊಳ್ಳಲು ಕೋರಿಕೆ.

ಉಲ್ಲೇಖ: 1. ಪ್ರತಿದಿನ ಬೆಳಿಗ್ಗೆ ನಾನು ಹಲ್ಲುಜ್ಜುವಾಗ ತಾವು ಕೇಳುವ "ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ" ಎಂಬ ಮೌಖಿಕ ಪ್ರಶ್ನೆ.
2. ನನ್ನ ನಾದಿನಿಯ ತಲೆ.

ಮಾನ್ಯರೇ,

ಬಿಸಿ ಕಬ್ಬಿಣಕ್ಕೆ ತಾಗಿದ ಕೂದಲಿನ ವಾಸನೆ ಬಂದರೆ ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಮಾತ್ರ ಎಂಟು ವರ್ಷದವಳಾಗಿ ದೊಡ್ಡಮ್ಮನ ಹಿಂದಿನ ಕೋಣೆಯ ಬಾಗಿಲಲ್ಲಿ ಹೋಗಿ ನಿಲ್ಲುತ್ತೇನೆ. ದೊಡ್ಡಮ್ಮ ಕಬ್ಬಿಣದ ಕಡ್ಡಿಯನ್ನು ಒಲೆಯಲ್ಲಿ ಕಾಯಿಸಿ, ಒದ್ದೆ ಬಟ್ಟೆಗೆ ಒಮ್ಮೆ ಚುಯ್ ಎನ್ನಿಸಿ, ಬೀದಿಯ ಹೆಂಗಸರ ಕೂದಲನ್ನು ಸುರುಳಿ ಮಾಡುತ್ತಿದ್ದಳು. ಮುಖ ಗಂಟಿಕ್ಕಿಕೊಂಡು ಬಂದವರು ಹೋಗುವಾಗ ಕನ್ನಡಿಯನ್ನು ಎರಡೆರಡು ಸಲ ನೋಡಿಕೊಳ್ಳುತ್ತಿದ್ದರು. ದೊಡ್ಡವಳಾದ ಮೇಲೆ ನಾನೂ ಇದನ್ನೇ ಮಾಡುತ್ತೇನೆ ಎಂದೆ. "ಓದೋ ಹುಡುಗಿ ನೀನು, ನಿನಗ್ಯಾಕೆ ಇವೆಲ್ಲ?" ಎಂದರು ಅಪ್ಪ. ಕಡತಗಳ ಪ್ರಕಾರ ತಾವು ನನ್ನಲ್ಲಿ ಸೇವೆಗೆ ಸೇರಿದ್ದು ಅದೇ ದಿನ. ಅಂದಿನಿಂದ ಐವತ್ತೆಂಟು ವರ್ಷ ಒಂದೇ ಒಂದು ರಜೆಯನ್ನೂ ಹಾಕಿಲ್ಲ ಎಂಬುದನ್ನು ಗೌರವದಿಂದ ಸ್ಮರಿಸುತ್ತಾ, ಕೆಳಕಂಡ ಅಂಶಗಳನ್ನು ತಮ್ಮ ಅವಗಾಹನೆಗೆ ತರುತ್ತೇನೆ.

1. ವಯಸ್ಸಿನ ಬಗ್ಗೆ. ನಿವೃತ್ತಿಯಾದ ಮೇಲೆ ನಾನು ಕೂದಲು ಕತ್ತರಿಸುವ ಕೋರ್ಸಿಗೆ ಸೇರಿದ್ದು ನಿಜ. ತರಗತಿಯಲ್ಲಿದ್ದ ಉಳಿದವರ ವಯಸ್ಸನ್ನು ಮೂರು ಮೂರಾಗಿ ಕೂಡಿಸಿದರೆ ನನ್ನದಾಗುತ್ತಿತ್ತು ಎಂಬುದೂ ನಿಜ. "ಅಜ್ಜಿ, ನೀವು ಸುಮ್ನೆ ಕೂತ್ಕೊಂಡು ನೋಡಿ ಸಾಕು" ಎಂದು ಟೀಚರು ನನ್ನನ್ನು ಮೊದಲ ವಾರವಿಡೀ ಬೆಂಚಿನ ಮೇಲೆ ಕೂರಿಸಿದರು. ಎರಡನೆಯ ವಾರ ಪಕ್ಕದ ಹುಡುಗಿ ತನ್ನ ಅಭ್ಯಾಸದ ಬೊಂಬೆ ತಲೆಯನ್ನು ನನ್ನ ಕಡೆ ತಳ್ಳಿ, "ಅಜ್ಜಿ, ಇದಕ್ಕೆ ನೀವು ಕತ್ತರಿಸ್ತೀರಾ? ನಂಗೆ ಕೈ ನೋಯ್ತಿದೆ" ಎಂದಳು. ಅವಳಿಗೆ ಕೈ ನೋಯುತ್ತಿರಲಿಲ್ಲ ಎಂಬುದು ನನಗೂ ಗೊತ್ತು, ಬೊಂಬೆಗೂ ಗೊತ್ತು. ಕೋರ್ಸು ಮುಗಿಯುವವರೆಗೂ ಅವಳಿಗೆ ದಿನಕ್ಕೊಂದು ಗಂಟೆ ಕೈ ನೋಯುತ್ತಲೇ ಇತ್ತು. ಆದಕಾರಣ ನಾನು ಪಾಸಾದೆ.

2. ಕೈ ನಡುಗುವ ಬಗ್ಗೆ. ನನ್ನ ಕೈ ನಡುಗುವುದಿಲ್ಲ. ತಾವು ಹಿಂದಿನಿಂದ ಬಂದು ಭುಜ ಮುಟ್ಟಿದಾಗ ಮಾತ್ರ ನಡುಗುತ್ತದೆ. ಆದಕಾರಣ ಈ ಆಕ್ಷೇಪಣೆಗೆ ತಾವೇ ಉತ್ತರಿಸುವುದು.

3. ನಾದಿನಿಯ ತಲೆಯ ಬಗ್ಗೆ. ಈ ಅಂಶದಲ್ಲಿ ನಾನು ತಪ್ಪಿತಸ್ಥಳು. ಕೋಣೆಗೆ ಕನ್ನಡಿ, ಕುರ್ಚಿ, ತೊಳೆಯುವ ಬೇಸಿನ್ ಎಲ್ಲ ಬಂದು, ಬೋರ್ಡು ನೇತುಹಾಕುವ ಹಿಂದಿನ ದಿನ ಯಜಮಾನರ ತಂಗಿ, ಅಂದರೆ ನನ್ನ ನಾದಿನಿ, "ಬೋಣಿ ನಂದೇ ಅತ್ತಿಗೆ" ಎನ್ನುತ್ತ ಬಂದು ಕುರ್ಚಿಯಲ್ಲಿ ಕೂತಳು. ಅವಳದು ಗುಂಗುರು ಕೂದಲು. ಭುಜದವರೆಗೆ ಇರಲಿ ಎಂದಳು. ನಾನು ತೊಳೆದು, ಬಾಚಿ, ಒದ್ದೆ ಕೂದಲನ್ನು ಸರಿಯಾಗಿ ಭುಜಕ್ಕೆ ಅಳೆದು ಕತ್ತರಿಸಿದೆ. ಗುಂಗುರು ಕೂದಲು ಒದ್ದೆಯಾಗಿದ್ದಾಗ ಉದ್ದ, ಒಣಗಿದಾಗ ಗಿಡ್ಡ ಎಂಬುದು ಕೋರ್ಸಿನ ಮೊದಲ ವಾರದ ಪಾಠ. ಆ ವಾರ ನಾನು ಬೆಂಚಿನ ಮೇಲೆ ಕೂತು ನೋಡಿದ್ದೆ. ನೋಡಿದ್ದು ತಲೆಗೆ ಹತ್ತಿತ್ತು, ಕೈಗೆ ಇಳಿದಿರಲಿಲ್ಲ.

ಕೂದಲು ಒಣಗುತ್ತ ಬಂದಂತೆ ಭುಜದಿಂದ ಕುತ್ತಿಗೆಗೆ ಹೋಯಿತು. ಕುತ್ತಿಗೆಯಿಂದ ಕಿವಿಗೆ ಹೊರಟಿತು.

"ಅತ್ತಿಗೆ, ಇನ್ನೂ ಎಷ್ಟು ಮೇಲೆ ಹೋಗುತ್ತೆ ಇದು?"

"ಇನ್ನೇನು ನಿಂತ್ಬಿಡುತ್ತೆ ಕಣೇ."

"ಇದು ಕೂದಲಲ್ಲ, ಲಿಫ್ಟ್ ಆಯ್ತಲ್ಲ ಅತ್ತಿಗೆ."

ಅವಳು ಶಾಲನ್ನು ತಲೆಗೆ ಸುತ್ತಿಕೊಂಡು, "ಬರ್ತೀನಿ" ಎಂದು ಹೊರಟುಹೋದಳು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅಂದಿನಿಂದ ತಮ್ಮ ಆದೇಶದಂತೆ ಬೋರ್ಡನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದೇನೆ. ತಮ್ಮ ಸಲಹೆಯಂತೆಯೇ ನಾದಿನಿಯ ಮನೆಗೆ ಹೋಗಿಲ್ಲ, ಅವಳ ಫೋನು ಬಂದರೆ ಎತ್ತಿಲ್ಲ. ಪ್ರತಿದಿನ ಬಂದು ಕನ್ನಡಿ ಒರೆಸಿ, ಬೀಗ ಹಾಕಿಕೊಂಡು ಹೋಗಿದ್ದೇನೆ.

4. ನಿನ್ನೆಯ ಬಗ್ಗೆ. ನಿನ್ನೆ ಬೆಳಿಗ್ಗೆ ಕೋಣೆ ಬಿಟ್ಟುಕೊಡುವ ಪತ್ರ ಬರೆದು, ಬೀಗದ ಕೈಯ ಸಮೇತ ಮಾಲೀಕರಾದ ದರ್ಜಿಯವರಿಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಅಮ್ಮಾ, ಇದರಲ್ಲಿ ದಿನಾಂಕ ಇಲ್ಲ. ತಗೊಳ್ಳೋಕಾಗಲ್ಲ."

ಮೂವತ್ತೊಂದು ವರ್ಷ ಶಾಲೆಯ ಕಚೇರಿಯಲ್ಲಿ ದಿನಾಂಕವಿಲ್ಲದ ಅರ್ಜಿಗಳನ್ನು ಹಿಂದಿರುಗಿಸಿದವಳು ನಾನು.

"ಇಲ್ಲೇ ಹಾಕ್ಬಿಡ್ತೀನಿ, ಒಂದು ಪೆನ್ನು ಕೊಡಿ."

"ಪೆನ್ನಿಲ್ಲ."

ಅವರ ಕಿವಿಯ ಮೇಲೆ ಪೆನ್ಸಿಲ್ಲೂ ಜೇಬಿನಲ್ಲಿ ಎರಡು ಪೆನ್ನುಗಳೂ ಇದ್ದವು.

"ನಿಮ್ಮ ಕೋಣೇಲೇ ಕೂತು ನಿಧಾನಕ್ಕೆ ಬರ್ಕೊಂಡು ಬನ್ನಿ. ನಂಗೇನೂ ಅವಸರ ಇಲ್ಲ" ಎಂದು ಬೀಗದ ಕೈಯನ್ನು ಹಿಂದಕ್ಕೆ ಕೊಟ್ಟರು.

ಆದಕಾರಣ ನಾನು ಕೋಣೆಗೆ ಬಂದು ಕೂತೆ. ದಿನಾಂಕ ಹಾಕುವಷ್ಟರಲ್ಲಿ ಒಬ್ಬ ಹೆಂಗಸು ಬಾಗಿಲು ತಳ್ಳಿಕೊಂಡು ಬಂದಳು. ಕೊರಳಲ್ಲಿ ನಾದಿನಿ ಕ್ಯಾಷಿಯರ್ ಆಗಿರುವ ಆಫೀಸಿನದೇ ಗುರುತಿನ ಚೀಟಿ.

"ನಮ್ಮ ಕ್ಯಾಷಿಯರ್ ಮೇಡಂಗೆ ಕೂದಲು ಕಟ್ ಮಾಡಿದೋರು ನೀವೇನಾ?"

"ಹೌದಮ್ಮ. ತಪ್ಪಾಯ್ತು."

"ನಂಗೂ ಅದೇ ಬೇಕು. ಮೂರು ಸಲ ಬಂದು ಹುಡುಕಿ ವಾಪಸ್ ಹೋದೆ. ಒಂದು ಬೋರ್ಡಾದ್ರೂ ಹಾಕ್ಬಾರ್ದಾ ನೀವು?"

ವಿಚಾರಣೆಯಿಂದ ತಿಳಿದುಬಂದದ್ದೇನೆಂದರೆ, ನಾದಿನಿ ಮರುದಿನವೇ ಶಾಲು ತೆಗೆದು ಆಫೀಸಿಗೆ ಹೋಗಿದ್ದಾಳೆ. "ನಾನೇ ಹೇಳಿ ಮಾಡಿಸ್ಕೊಂಡೆ. ನಮ್ಮ ಅತ್ತಿಗೆ ಕೈಚಳಕ, ಬೇರೆಲ್ಲೂ ಸಿಗಲ್ಲ" ಎಂದು ಮೂರು ತಿಂಗಳಿಂದ ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದಾಳೆ. ಬೇರೆಲ್ಲೂ ಸಿಗುವುದಿಲ್ಲ ಎಂಬ ಭಾಗವು ಸತ್ಯ.

ನಾನು ಆ ಹೆಂಗಸನ್ನು ಕೂರಿಸಿ, ಬಟ್ಟೆ ಹೊದಿಸಿ, ಕತ್ತರಿ ಎತ್ತಿಕೊಂಡೆ. ಅವಳ ಕೂದಲು ಸ್ಕೇಲಿಟ್ಟು ಗೆರೆ ಎಳೆದಷ್ಟು ನೆಟ್ಟಗಿತ್ತು. ಆಗ ತಾವು ಎದ್ದು ಬಂದು ನನ್ನ ಕಿವಿಯಲ್ಲಿ, "ಇದು ಮೇಲೇರುತ್ತಾ?" ಎಂದು ಕೇಳಿದಿರಿ. ತಮ್ಮ ಸುದೀರ್ಘ ಸೇವೆಯಲ್ಲಿ ತಾವು ಕೇಳಿದ ಮೊದಲ ಉಪಯುಕ್ತ ಪ್ರಶ್ನೆ ಅದು. ಅದಕ್ಕಾಗಿ ಋಣಿಯಾಗಿದ್ದೇನೆ.

ಕತ್ತರಿ ಕೆಳಗಿಟ್ಟು ಅವಳಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. "ಅದು ಸ್ಟೈಲ್ ಅಲ್ಲಮ್ಮ, ನನ್ನ ತಪ್ಪು. ಗುಂಗುರು ಕೂದಲನ್ನ ಒದ್ದೆ ಇದ್ದಾಗ ಅಳೆದ್ಬಿಟ್ಟೆ. ಕ್ಯಾಷಿಯರ್ ಮೇಡಂ ನನ್ನ ಮಾನ ಉಳಿಸೋಕೆ ಹಾಗೆ ಹೇಳಿದಾಳೆ. ನಿಮ್ಮ ಕೂದಲು ಏರೋದೂ ಇಲ್ಲ, ಸುರುಳಿ ಆಗೋದೂ ಇಲ್ಲ."

ಅವಳು ಎದ್ದು ಹೋಗುತ್ತಾಳೆ ಎಂದು ತಾವು ಹೇಳಿದಿರಿ. ಅವಳು ಕೊರಳಿನ ಚೀಟಿ ಅಲುಗಾಡುವಷ್ಟು ನಕ್ಕಳು. "ಇಷ್ಟು ಹೇಳಿದ್ರಲ್ಲ, ಸಾಕು. ನಂಗೇನು ಹೊಂದುತ್ತೋ ಅದು ಮಾಡಿ."

ಒಣ ಕೂದಲನ್ನೇ ಸಣ್ಣ ಸಣ್ಣ ಪಾಲು ಮಾಡಿ, ಗಲ್ಲದ ಮಟ್ಟಕ್ಕೆ ಕತ್ತರಿಸಿದೆ. ಐವತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ತಾವು ತುಟಿ ಎರಡು ಮಾಡಲಿಲ್ಲ, ನನ್ನ ಕೈಯೂ ನಡುಗಲಿಲ್ಲ. ಅವಳು ಎಡಕ್ಕೆ ತಿರುಗಿ ನೋಡಿಕೊಂಡಳು, ಬಲಕ್ಕೆ ತಿರುಗಿ ನೋಡಿಕೊಂಡಳು. "ಶನಿವಾರ ನನ್ನ ತಂಗೀನ ಕರ್ಕೊಂಡು ಬರ್ಲಾ?" ತಾವು ಬಾಯಿ ತೆರೆಯುವ ಮೊದಲೇ ನಾನು ಹೂಂ ಎಂದುಬಿಟ್ಟೆ. ಈ ಅಶಿಸ್ತನ್ನು ಮನ್ನಿಸಬೇಕು.

ಅವಳು ಹೋದ ಮೇಲೆ ಬೋರ್ಡನ್ನು ಹೊರಗೆ ತಂದು ನೇತುಹಾಕಿದೆ. ದರ್ಜಿಯವರು ಸ್ಟೂಲ್ ಹಿಡಿದುಕೊಂಡಿದ್ದರು. "ಅಮ್ಮಾ, ಪೆನ್ನು ಸಿಕ್ತು. ಬೇಕಾ?" ಎಂದರು. ಬೇಡ ಎಂದೆ.

ಆದ್ದರಿಂದ, ತಮ್ಮನ್ನು ಸೇವೆಯಿಂದ ತೆಗೆದುಹಾಕಬೇಕೆಂದು ನಾನು ಕೇಳುತ್ತಿಲ್ಲ. ಈ ವಯಸ್ಸಿನಲ್ಲಿ ತಾವಾದರೂ ಎಲ್ಲಿಗೆ ಹೋಗುತ್ತೀರಿ? ಗಿರಾಕಿ ಕುರ್ಚಿಯಲ್ಲಿ ಕೂತಾಗಿನಿಂದ ಕತ್ತರಿ ಮೊದಲ ಕೂದಲನ್ನು ಮುಟ್ಟುವವರೆಗೆ ತಾವು ಏನು ಬೇಕಾದರೂ ಕೇಳಬಹುದು, ಎಷ್ಟು ಬೇಕಾದರೂ ಕೇಳಬಹುದು. ಕತ್ತರಿ ಮುಟ್ಟಿದ ಮೇಲೆ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂರತಕ್ಕದ್ದು. ಅಲ್ಲಿ ಹಳೆಯ ವಾರಪತ್ರಿಕೆಗಳಿವೆ. ಹಲ್ಲುಜ್ಜುವ ಹೊತ್ತಿಗೆ ಕಡ್ಡಾಯ ರಜೆ.

ನಾದಿನಿಗೆ ಇನ್ನು ಯಾವ ಮುಖ ಇಟ್ಟುಕೊಂಡು ಎದುರಾಗುತ್ತೀಯ ಎಂದು ತಾವು ಇಂದು ಬೆಳಿಗ್ಗೆಯಿಂದ ಹನ್ನೊಂದು ಸಲ ಕೇಳಿದ್ದೀರಿ. ಇದು ಕೂದಲಿಗೆ ಸಂಬಂಧಪಟ್ಟದ್ದಲ್ಲವಾದ ಕಾರಣ ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದಷ್ಟೇ ವಿನಂತಿಸುತ್ತೇನೆ.

ಇಷ್ಟಾದರೂ ತಮ್ಮ ವಿಶ್ವಾಸಿಯೇ ಆಗಿರುವ,
ಅರ್ಜಿದಾರಳು

ಲಗತ್ತುಗಳು:
1. ಕೋರ್ಸಿನ ಪ್ರಮಾಣಪತ್ರ, ನಕಲು.
2. ಕೋಣೆ ಬಿಟ್ಟುಕೊಡುವ ಪತ್ರ, ಮೂಲ ಪ್ರತಿ, ಎರಡು ತುಂಡು.
3. ನೆಟ್ಟನೆಯ ಕೂದಲು, ಒಂದು ಚಿಟಿಕೆ. ಮೇಲೇರಿಲ್ಲ ಎಂಬುದನ್ನು ಖುದ್ದಾಗಿ ಪರಿಶೀಲಿಸಿಕೊಳ್ಳಬಹುದು.

ವಿಶೇಷ ಸೂಚನೆ: ಈ ಅರ್ಜಿಗೆ ಉತ್ತರವನ್ನು ಮಧ್ಯಾಹ್ನ ಮೂರು ಗಂಟೆಯ ನಂತರವೇ ದಯಪಾಲಿಸಬೇಕು. ಕಾರಣ, ಸಹಿ ಹಾಕುತ್ತಿದ್ದಂತೆ ನಾದಿನಿ ಬಂದಿದ್ದಾಳೆ. ಹೊರಗೆ ನಿಂತು ಬೋರ್ಡನ್ನು ಪೂರ್ತಿ ಓದಿ, ಚಪ್ಪಲಿ ಬಿಟ್ಟು ಒಳಗೆ ಬಂದಳು. ನಾನು ಏನೋ ಹೇಳಲು ಎದ್ದೆ. ಅವಳು ಅದಕ್ಕೆ ಅವಕಾಶ ಕೊಡದೆ, ಚೀಲದಿಂದ ಇನ್ನೂ ಬೆಚ್ಚಗಿದ್ದ ಊಟದ ಡಬ್ಬಿ ತೆಗೆದು, ಮುಚ್ಚಳ ಸಡಿಲಿಸಿ, ನನ್ನ ಕೈಗಿಟ್ಟಳು.