ಎಂಟು ದನಿ, ಒಂದು ಮಿಕ್ಸಿಂಗ್

ಎಂಟು ಮಂದಿ ಒಟ್ಟಿಗೆ ಹಾಡುವುದನ್ನು ಕೇಳುವುದು ಪರಮ ಸುಖ. ಆ ಎಂಟೂ ಮಂದಿಯ ಬಳಿ ನಮ್ಮ ಫೋನ್ ನಂಬರ್ ಇರುವುದು ಮಾತ್ರ ಸುಖವಲ್ಲ. ಈ ಜ್ಞಾನ ನನಗೆ ಲಭಿಸಿದ್ದು ಬೆಳಗಾವಿಯ ಸದಾಶಿವನಗರದ ನನ್ನ ರೆಕಾರ್ಡಿಂಗ್ ಕೋಣೆಯಲ್ಲಿ. ಹೊರಗೆ ಸ್ಟುಡಿಯೋ ಎಂದು ಬೋರ್ಡು ಹಾಕಿದ್ದೇನೆ, ಒಳಗೆ ಗೋಡೆಗೆ ಹೊಡೆದಿರುವುದು ಅವ್ವನ ಹಳೆಯ ಕೌದಿಗಳು. ಅಲ್ಲಿ ಕೂತು ಜಾಹೀರಾತುಗಳಿಗೆ ದನಿ ಕೊಡುತ್ತೇನೆ. ಬೆಲ್ಲದ ವ್ಯಾಪಾರಿ, ಅವನ ಹೆಂಡತಿ, ಅವರ ಮನೆಯ ಎಮ್ಮೆ, ಮೂವರೂ ನಾನೇ. ಮಿಮಿಕ್ರಿಯವನಿಗೆ ಒಂದೇ ತೊಂದರೆ: ಅಪ್ಪಿತಪ್ಪಿ ಸ್ವಂತ ದನಿಯಲ್ಲಿ ಮಾತಾಡಿದರೆ ಮನೆಯವರು "ಇದು ಯಾರದೋ?" ಎಂದು ಕೇಳುತ್ತಾರೆ.

ಖಾನಾಪುರದ ನನ್ನ ಚಿಕ್ಕಮ್ಮ ಸುಮಿತ್ರಾ ಕಾಕು ಅಲ್ಲಿನ ಹೆಂಗಸರ ಬೃಂದಗಾನ ತಂಡದವಳು. ತಂಡ ಕಟ್ಟಿ, ಎಲ್ಲರಿಗೂ ಹಿಂದುಸ್ತಾನಿ ಸಂಗೀತ ಕಲಿಸಿದವರು ಇಂದಿರಾ ಅಕ್ಕೋರು. ವಯಸ್ಸು ಎಂಬತ್ತರ ಹತ್ತಿರ. ಅವರಿಗೆ ಉಳಿದಿದ್ದ ಆಸೆ ಒಂದೇ, ಏಳೂ ಶಿಷ್ಯೆಯರನ್ನು ಕಟ್ಟಿಕೊಂಡು ಬೆಳಗಾವಿಯ ಸಂಗೀತ ಸಮ್ಮೇಳನದ ವೇದಿಕೆಯ ಮೇಲೆ ಒಮ್ಮೆ ಕೂರುವುದು. ಅದಕ್ಕೆ ಮೊದಲು ರೆಕಾರ್ಡಿಂಗ್ ಕಳಿಸಿ ಆಯ್ಕೆಯಾಗಬೇಕು. "ನಮ್ಮ ಹುಡುಗ ಅದಾನಲ್ರಿ, ಅವನ ಮಾಡತಾನ" ಎಂದು ಕಾಕು ನನ್ನನ್ನು ಬಲಿ ಕೊಟ್ಟಳು. ನಾನು ಮೈಕುಗಳನ್ನು ಹೊತ್ತು, ಖಾನಾಪುರ ಸ್ಟೇಷನ್ ಹತ್ತಿರದ ಕಾಕುವಿನ ಮನೆಯ ಪಡಸಾಲೆಗೆ ಹೋದೆ.

ಮೊದಲ ಪೇಚು ಶ್ರುತಿಯದು. ಶಿಷ್ಯೆಯರಿಗೆ ಹಾರ್ಮೋನಿಯಂನ ಐದನೇ ಕರಿ, ಅಂದರೆ ಐದನೇ ಕಪ್ಪು ಮನೆಯ ಎತ್ತರದ ಶ್ರುತಿ ಬೇಕು. ಅಕ್ಕೋರ ಗಂಟಲು ಈಗ ಮೂರನೇ ಕರಿಯ ಮೇಲೆ ಏರದು. ಅದನ್ನು ಅವರ ಎದುರು ಹೇಳುವವರು ಯಾರು? "ನಮಗೂ ಕರಿ ಮೂರು ಬೇಶ್ ಆಗತೈತ್ರಿ ಅಕ್ಕೋರ" ಎಂದು ಏಳೂ ಮಂದಿ ಸುಳ್ಳು ಹೇಳಿ, ಬಾವಿಯೊಳಗೆ ನಿಂತವರಂತೆ ಹಾಡಿದರು. ಲಯದ ಕಥೆಯೂ ಅದೇ. ಪ್ರತಿ ಸಾಲಿನ ಕೊನೆಗೆ ಅಕ್ಕೋರು ಉಸಿರು ತೆಗೆದುಕೊಳ್ಳುವವರೆಗೆ ಎಲ್ಲರೂ ಕಾಯುತ್ತಾರೆ, ಹಿರಿಯರು ಬಸ್ಸು ಹತ್ತುವವರೆಗೆ ಕಂಡಕ್ಟರ್ ಕಾದಂತೆ. ತಬಲಾದವನೂ ಕಾಯುತ್ತಾನೆ. ಮಧ್ಯಲಯದಲ್ಲಿ ಹೊರಟ ಭೂಪ ರಾಗ ಊರು ಮುಟ್ಟುವಷ್ಟರಲ್ಲಿ ವಿಲಂಬಿತವಾಗಿತ್ತು. ಮೇಲಾಗಿ ಅಕ್ಕೋರ ಸ್ವರ ಸಾಗುತ್ತ ಸಾಗುತ್ತ ಕೂದಲೆಳೆಯಷ್ಟು ಕೆಳಗೆ ಜಾರುತ್ತದೆ. ಏಳೂ ಮಂದಿ ಒಗ್ಗಟ್ಟಿನಿಂದ ಅವರ ಜೊತೆಗೇ ಜಾರುತ್ತಾರೆ. ಮೇಲೆ ಉಳಿಯುವುದು ಎಲೆಕ್ಟ್ರಾನಿಕ್ ತಂಬೂರಿ ಮಾತ್ರ. ಎಂಟು ಹೆಂಗಸರ ಎದುರು ತಂಬೂರಿಯೊಂದೇ ಸರಿಯಿದ್ದು ಏನು ಮಾಡೀತು? ಮಿಕ್ಸಿಂಗಿನಲ್ಲಿ ಅದರ ಸೊಲ್ಲನ್ನೇ ಅಡಗಿಸಿದೆ. ವಿಚಿತ್ರವೆಂದರೆ, ಆಮೇಲೆ ಹಾಡು ನಿಜಕ್ಕೂ ಚೆನ್ನಾಗಿತ್ತು. ಎಂಟು ದನಿಗಳು ಒಂದರ ಹೆಗಲ ಮೇಲೊಂದು ಕೈಯಿಟ್ಟು ನಡೆದಂತಿತ್ತು.

ಆಮೇಲೆ ಶುರುವಾಯಿತು ಶಿಷ್ಯೆಯರ ಫೋನು. "ತಮ್ಮಾ, ಯಾರ್ಗೂ ಹೇಳಬ್ಯಾಡ. ನನ್ನ ದನಿ ಅಷ್ಟ ಚೂರು ಏರಸು. ಬಾಜೂದಾಕಿ ಹೆಂಗೂ ಒದರತಾಳ." ಹಿಂದೆಯೇ ಪಕ್ಕದಲ್ಲಿ ಕೂತು ಹಾಡಿದ ಆ ಬಾಜುದಾಕೆಯ ಫೋನು, ಅದೇ ಮಾತು. ಕಾಕು ಮಾತ್ರ ಹಾಗೆ ಸ್ವಾರ್ಥಿಯಲ್ಲ. "ನಂದೇನ್ ಏರಸಬ್ಯಾಡೋ, ಉಳದಾರದ್ದ ಇಳಸು ಸಾಕು" ಎಂದಳು. ನಾನು ಎಲ್ಲರಿಗೂ "ಆತ್ರಿ" ಎಂದೆ. ಒಂದು ಗುಂಡಿಯನ್ನೂ ಮುಟ್ಟದೆ ಅದೇ ಹಾಡನ್ನು ಮತ್ತೆ ಕಳಿಸಿದೆ. "ಹಾಂ, ಈಗ ನೋಡು, ಖರೇ ಕೇಳಸ್ತು!" ಎಂದು ಏಳೂ ಕಡೆಯಿಂದ ಆಶೀರ್ವಾದ ಬಂತು.

ಉಳಿದದ್ದು ಒಂದೇ ಕಂಟಕ. ಹಾಡಿನ ಎರಡನೇ ಭಾಗವಾದ ಅಂತರಾದ ಮೊದಲ ಸಾಲನ್ನು ಅಕ್ಕೋರು ಒಬ್ಬರೇ ಹಾಡುವುದು, ಸರಿಯಾಗಿ ಅದೇ ಹೊತ್ತಿಗೆ ಲೋಂಡಾ ಕಡೆಯ ರೈಲು ಕೂಗಿತ್ತು. ಕಳಿಸಲು ಮರುದಿನವೇ ಕೊನೆ, ಅಕ್ಕೋರಿಗೆ ಕೆಮ್ಮು. ನಾನು ಬಾಗಿಲು ಹಾಕಿ, ಇಲ್ಲದ ಸೆರಗನ್ನು ಅಕ್ಕೋರಂತೆ ಸರಿಪಡಿಸಿಕೊಂಡು (ಅದಿಲ್ಲದೆ ಆ ದನಿ ಬರುವುದಿಲ್ಲ), ಕಿವಿಗೆ ತಂಬೂರಿ ಹಾಕಿಕೊಂಡು, ಆ ಸಾಲನ್ನು ಹಾಡಿ ಅಂಟಿಸಿದೆ. ಅದೇ ನಡುಕ, ಅದೇ ಉಸಿರು. ಎಮ್ಮೆಯಿಂದ ಅಕ್ಕೋರವರೆಗೆ ಬೆಳೆದೆನಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಕೆಲವು ದಿನಗಳಾದ ಮೇಲೆ ಕಾಕುವಿನ ಪಡಸಾಲೆಯಲ್ಲಿ ಎಲ್ಲರೂ ಅವಲಕ್ಕಿ ತಿನ್ನುತ್ತಿದ್ದಾಗ ಆಯ್ಕೆ ಸಮಿತಿಯ ಹಿರಿಯರ ಫೋನ್ ಬಂತು. ಅಕ್ಕೋರು ಸ್ಪೀಕರ್ ಹಾಕಿಸಿದರು.

"ನಿಮ್ಮ ತಂಡ ಆರಿಸೇವ್ರಿ ಬಾಯಾರ. ಎಲ್ಲಾರೂ ಒಂದ ಜೀವ ಆಗಿ ಹಾಡ್ಯಾರ. ಆದ್ರ ಅಂತರಾ ಎತ್ತಿದ ಹೆಣ್ಮಗಳು ಅದಾಳಲ್ರಿ, ಆಕಿ ಒಬ್ಬಾಕಿ ಬ್ಯಾರೆ ಶ್ರುತಿಗೆ ಹೊಂಟಾಳ. ಆಕಿನ್ನ ಅಷ್ಟ ಬಿಟ್ಟ ಬರ್ರಿ."

ಕಾಕುವಿನ ಕಣ್ಣು ತುಂಬಿತು. "ಅಕ್ಕೋರಿಲ್ಲಂದ್ರ ನಾವ್ಯಾರೂ ಬರೂದಿಲ್ಲಂತ ಹೇಳ್ರಿ" ಎಂದಳು. ನಾನು ಅವಲಕ್ಕಿಯ ತಟ್ಟೆ ಕೆಳಗಿಟ್ಟೆ. ಏನಾದರೂ ಹೇಳಲೇಬೇಕೆಂದು ಬಾಯಿ ತೆರೆದೆ. ಅಕ್ಕೋರು ಕೈಯೆತ್ತಿ ತಡೆದರು.

"ಹಂಗ ಆಗಲ್ರಿ" ಎಂದರು ಫೋನಿಗೆ. "ಆಕಿನ್ನ ಮ್ಯಾಲೆ ಹತ್ತಸೂದಿಲ್ಲ. ನಮ್ಮ ಗಾಡಿ ಹೊಡಕೊಂಡು ಬರತಾಳ, ಕೆಳಗ ಕುಂದರತಾಳ." ಫೋನಿಟ್ಟು ನನ್ನ ಕಡೆ ತಿರುಗಿದರು. "ನೀ ಹಾಡಿದ ಆ ಸಾಲು ನಾನೂ ಕೇಳೇನಿ. ಉಸಿರು ಬರೋಬ್ಬರಿ ನಂದ ಐತಿ, ನಡುಗೂದೂ ನಂದ. ಆದ್ರ ಹುಚ್ಚಪ್ಪಾ, ಅಷ್ಟ ಶುದ್ಧ ಸ್ವರ ಈಗ ನನಗ ಎಲ್ಲಿಂದ ಬರಬೇಕೋ? ನಾ ಜಾರಿದಷ್ಟು ನೀನೂ ಜಾರಬೇಕೋ ಬ್ಯಾಡೋ?"

ಅರ್ಥವಾದ ಮೇಲೆ ಶಿಷ್ಯೆಯರು ನಕ್ಕ ನಗೆ ಪೂರಾ ಐದನೇ ಕರಿಯಲ್ಲಿತ್ತು.

ಸಮ್ಮೇಳನಕ್ಕೆ ನಾನೇ ಗಾಡಿ ಹೊಡೆದೆ. ವೇದಿಕೆಯ ನಡುವೆ ಅಕ್ಕೋರು, ಸುತ್ತ ಏಳು ಮಂದಿ. ಭೂಪ ತನ್ನ ಪಾಡಿಗೆ ನಿಧಾನವಾಗುತ್ತ, ಇಳಿಯುತ್ತ ಸಾಗಿತು, ಸಭೆ ತಲೆದೂಗಿತು. ಪಕ್ಕದಲ್ಲಿ ಕೂತಿದ್ದ ಸಮಿತಿಯ ಹಿರಿಯರು ನನ್ನ ಕಿವಿಯಲ್ಲಿ, "ನೋಡ್ರಿ, ಆ ಹೆಣ್ಮಗಳನ್ನ ಬಿಟ್ಟದ್ದು ಎಷ್ಟ ಛಲೋ ಆತು" ಎಂದರು.

"ಹೌದ್ರಿ" ಎಂದೆ. "ನಮ್ಮ ಪೈಕಿನ ಆಕಿ. ಭಾಳ ಸೊಕ್ಕಿನಾಕಿ."